ದಟ್ಸನ್ 240ಝಡ್: ಉಳಿಸೋದಾ, ಬಿಚ್ಚೋದಾ?

ಹಳೇ ಗಾಡಿಗಳ ಸರಣಿ. ಈ ಸಲದ್ದು ಉದ್ದ ಇದೆ, ಏಳು ಭಾಗ. ಒಂದೊಂದೇ ಫೋಟೊ ಸರಿಸ್ತಾ ನಿಧಾನಕ್ಕೆ ಓದಿ.

1/7
"ಸ್ಪೋರ್ಟ್ಸ್ ಕಾರು, ಹಳೇದು, ತುಂಬಾ ಓಡಿದೆ. ರೆಡಿ ಮಾಡಿಸ್ಲಾ, ಇಲ್ಲ ಬಿಚ್ಚಿ ಪಾರ್ಟ್ಸ್ ಮಾರಿಬಿಡ್ಲಾ?"

ಇನ್‌ಬಾಕ್ಸ್‌ಗೆ ಬರೋ ಈ ಪ್ರಶ್ನೆಗೆ ನಾನು ಇಷ್ಟು ದಿನ "ಫೋಟೊ ಕಳಿಸಿ ನೋಡೋಣ" ಅಂತ ಜಾರಿಕೊಳ್ತಾ ಇದ್ದೆ. ಇವತ್ತು ಜಾರಿಕೊಳ್ಳಲ್ಲ. ಆದರೆ ನೇರವಾಗಿ ಉತ್ತರ ಕೊಡೋ ಬದಲು ನಿಮಗೊಂದು ಇತಿಹಾಸ ಹೇಳ್ತೀನಿ. ಇದೇ ಪ್ರಶ್ನೆಯನ್ನ ಒಂದು ದೊಡ್ಡ ಕಾರ್ ಕಂಪನಿ ತನ್ನದೇ ಹಳೇ ಗಾಡಿಗಳ ಬಗ್ಗೆ ಕೇಳಿಕೊಂಡಿತು, ತನ್ನದೇ ದುಡ್ಡು ಹಾಕಿ ಉತ್ತರ ಹುಡುಕಿತು. ಕಂಪನಿ ನಿಸ್ಸಾನ್. ಜಾಗ ಅಮೆರಿಕದ ಕ್ಯಾಲಿಫೋರ್ನಿಯಾ. ಕಾಲ 1990ರ ದಶಕದ ಕೊನೆ. ಕಾರು ಈ ಫೋಟೊದಲ್ಲಿರೋದು: ಉದ್ದ ಮೂಗು, ಎರಡೇ ಸೀಟು, ದಟ್ಸನ್ 240ಝಡ್.

2/7
ಮೊದಲು ಈ ಗಾಡಿ ಯಾಕೆ ಇಷ್ಟು ಮುಖ್ಯ ಅಂತ ಗೊತ್ತಾಗಬೇಕು.

1960ರಲ್ಲಿ ನಿಸ್ಸಾನ್ ಕಂಪನಿಯ ಯುಟಾಕಾ ಕಟಾಯಾಮ ಅನ್ನೋರು ಜಪಾನಿನಿಂದ ಅಮೆರಿಕಕ್ಕೆ ಬಂದರು. ಆಗ ಅಲ್ಲಿ ಜಪಾನಿ ಕಾರು ಅಂದ್ರೆ ಜನ ನಗೋ ಕಾಲ. ಸ್ಪೋರ್ಟ್ಸ್ ಕಾರು ಬೇಕು ಅನ್ನೋನು ಬ್ರಿಟಿಷ್ ಎಂಜಿ ಅಥವಾ ಟ್ರಯಂಫ್ ತಗೋತಿದ್ದ. ದುಡ್ಡಿದ್ದವನು ಜಾಗ್ವಾರ್ ಇಲ್ಲವೇ ಪೋರ್ಷೆ. ಸಾಮಾನ್ಯ ಸಂಬಳದವನಿಗೆ ಜಾಗ್ವಾರ್‌ನ ಹಾಗೆ ಕಾಣೋ, ಆದರೆ ಬೆಳಗ್ಗೆ ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್ ಆಗೋ ಗಾಡಿ ಕೊಡಬೇಕು ಅನ್ನೋದು ಕಟಾಯಾಮ ಅವರ ಹಟ. 1969ರ ಅಕ್ಟೋಬರ್‌ನಲ್ಲಿ ಗಾಡಿ ಹೊರಗೆ ಬಂತು. 2.4 ಲೀಟರಿನ ಆರು ಸಿಲಿಂಡರ್ ಇಂಜಿನ್, ಸುಮಾರು 150 ಹಾರ್ಸ್‌ಪವರ್, ನಾಲ್ಕೂ ಚಕ್ರಕ್ಕೆ ಬೇರೆ ಬೇರೆ ಸಸ್ಪೆನ್ಷನ್. ಅಮೆರಿಕದಲ್ಲಿ ಬೆಲೆ 3,526 ಡಾಲರ್. ಜನ ತಿಂಗಳುಗಟ್ಟಲೆ ಕಾದು ತಗೊಂಡರು.

ಜಪಾನಿನಲ್ಲಿ ಇದರ ಹೆಸರು ಫೇರ್‌ಲೇಡಿ ಝಡ್. ಈ ಹೆಸರು ಹೊತ್ತ ಸ್ಪೋರ್ಟ್ಸ್ ಕಾರನ್ನ ಅಮೆರಿಕದಲ್ಲಿ ಯಾರೂ ಕೊಳ್ಳಲ್ಲ ಅಂತ ಕಟಾಯಾಮ ಅವರು ಬ್ಯಾಡ್ಜನ್ನೇ ಕೀಳಿಸಿ 240ಝಡ್ ಅಂತ ಹಾಕಿಸಿದರು ಅನ್ನೋ ಕಥೆ ಝಡ್ ಅಭಿಮಾನಿಗಳಿಗೆಲ್ಲ ಬಾಯಿಪಾಠ. 1971ರಲ್ಲಿ, ಆಮೇಲೆ 1973ರಲ್ಲಿ, ಇದೇ ಗಾಡಿ ಈಸ್ಟ್ ಆಫ್ರಿಕನ್ ಸಫಾರಿ ರ‍್ಯಾಲಿ ಗೆದ್ದಿತು. 260ಝಡ್, 280ಝಡ್ ಅಂತ ತಮ್ಮಂದಿರು ಬಂದರು. 1978ರ ಹೊತ್ತಿಗೆ ಈ ಒಂದೇ ಆಕಾರದ ಗಾಡಿಗಳು 5 ಲಕ್ಷಕ್ಕೂ ಹೆಚ್ಚು ತಯಾರಾಗಿದ್ದವು.

ಈ 5 ಲಕ್ಷ ಅನ್ನೋ ಅಂಕಿ ನೆನಪಿಟ್ಕೊಳ್ಳಿ. ಅಪರೂಪದ ಗಾಡಿಯನ್ನ ಉಳಿಸಬೇಕೋ ಬೇಡವೋ ಅಂತ ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಊರು ತುಂಬಾ ಇದ್ದ ಗಾಡಿಗೇ ಈ ಪ್ರಶ್ನೆ ಬರೋದು.

3/7
ಅಷ್ಟೊಂದು ಇದ್ದವಲ್ಲ, ಎಲ್ಲಿ ಹೋದವು?

ಕಾರಣ ಸರಳ. ಮೊದಲ ಮಾಲೀಕ ಹತ್ತು ವರ್ಷ ಓಡಿಸಿ ಮಾರಿದ. ಎರಡನೆಯವನು ಕಾಲೇಜು ಹುಡುಗ, ರಿಪೇರಿಗೆ ದುಡ್ಡಿಲ್ಲ. ಮೂರನೆಯವನ ಮನೆ ಹಿಂದೆ ಟಾರ್ಪಾಲ್ ಕೆಳಗೆ ನಿಂತಿತು. 1980ರ ದಶಕದಲ್ಲಿ 240ಝಡ್ ಬರೀ ಒಂದು ಹಳೇ ಸೆಕೆಂಡ್ ಹ್ಯಾಂಡ್ ಗಾಡಿ, ಅಷ್ಟೆ.

ಇದಕ್ಕೆ ತುಕ್ಕು ಸೇರಿತು. ಹಿಮ ಬೀಳೋ ರಾಜ್ಯಗಳಲ್ಲಿ ಚಳಿಗಾಲದಲ್ಲಿ ರಸ್ತೆ ಮೇಲೆ ಉಪ್ಪು ಚೆಲ್ತಾರೆ, ಮಂಜುಗಡ್ಡೆ ಕರಗಲಿ ಅಂತ. ಆ ಉಪ್ಪುನೀರು ಗಾಡಿ ಅಡಿಗೆ ಸಿಡಿಯುತ್ತೆ. ಜೀಪಿಗೆ ಇರೋ ಹಾಗೆ ಝಡ್‌ಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಫ್ಲೋರ್ ಕೆಳಗೆ ತೆಳು ತಗಡನ್ನ ಪೆಟ್ಟಿಗೆ ಹಾಗೆ ಮಡಿಸಿ ವೆಲ್ಡ್ ಮಾಡಿದ ಎರಡು ಉದ್ದ ರೇಲ್‌ಗಳು ಇವೆ. ಇಡೀ ಭಾರ ಹೊರೋದು ಅವು, ಮತ್ತೆ ಬಾಗಿಲ ಕೆಳಗಿನ ಪೊಳ್ಳು ತೊಲೆಗಳು. ಒಳಗೆ ನೀರು ಹೋಯ್ತು ಅಂದ್ರೆ ಹೊರಗಿನ ಪೇಂಟ್ ಹೊಳೀತಾನೇ ಇರುತ್ತೆ, ಒಳಗೆ ತಗಡು ಹಪ್ಪಳ ಆಗಿರುತ್ತೆ.

4/7
ಈಗ "ತುಂಬಾ ಓಡಿದೆ" ಅನ್ನೋ ಭಯದ ಬಗ್ಗೆ. ಇದಕ್ಕೆ ಝಡ್ ಬಿಟ್ಟು ಸ್ವಲ್ಪ ಪಕ್ಕಕ್ಕೆ ಹೋಗ್ತೀನಿ, ಬೇಜಾರಾಗಬೇಡಿ.

ಫೋಟೊದಲ್ಲಿರೋ ಕೆಂಪು ಗಾಡಿ 1966ರ ವೋಲ್ವೊ ಪಿ1800ಎಸ್. ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲೆಂಡ್‌ನ ವಿಜ್ಞಾನದ ಮೇಷ್ಟ್ರು ಇರ್ವ್ ಗೋರ್ಡನ್ 1966ರ ಜೂನ್‌ನಲ್ಲಿ ಇದನ್ನ ಹೊಸದಾಗಿ ತಗೊಂಡರು. ಕೆಲಸಕ್ಕೆ ಹೋಗಿ ಬರೋದೇ ದಿನಕ್ಕೆ 125 ಮೈಲಿ. 1987ರಲ್ಲಿ 10 ಲಕ್ಷ ಮೈಲಿ ಆಯ್ತು, 2002ರಲ್ಲಿ 20 ಲಕ್ಷ, 2013ರ ಸೆಪ್ಟೆಂಬರ್‌ನಲ್ಲಿ ಅಲಾಸ್ಕದಲ್ಲಿ 30 ಲಕ್ಷ. ನಮ್ಮ ಲೆಕ್ಕದಲ್ಲಿ 48 ಲಕ್ಷ ಕಿಲೋಮೀಟರ್. ಚಂದ್ರನಿಗೆ ಆರು ಸಲ ಹೋಗಿ ಬಂದರೂ ಇನ್ನೂ ಮಿಕ್ಕುತ್ತೆ. ಇಂಜಿನ್ ಮೊದಲ ಸಲ ಬಿಚ್ಚಿ ಕಟ್ಟಿದ್ದು 6,80,000 ಮೈಲಿ ಆದಮೇಲೆ! 2018ರಲ್ಲಿ ಗೋರ್ಡನ್ ತೀರಿಕೊಂಡರು.

ಇದೇನು ಮಂತ್ರ ಅಲ್ಲ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸಿದರು, ಸದ್ದು ಬಂದ ದಿನವೇ ನೋಡಿಸಿದರು, ಗಾಡಿಯನ್ನ ಎಂದೂ ವರ್ಷಗಟ್ಟಲೆ ನಿಲ್ಲಿಸಲಿಲ್ಲ.

ಸವೆದ ಇಂಜಿನ್ನಿಗೆ ದಾರಿ ಇದೆ. ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್, ಬೇರಿಂಗ್ ಹಾಕಿದರೆ ಮತ್ತೊಂದು ಆಯಸ್ಸು. ಅದರಲ್ಲೂ ಝಡ್‌ನ ಎರಕದ ಕಬ್ಬಿಣದ ಬ್ಲಾಕ್ ಗಟ್ಟಿತನಕ್ಕೆ ಹೆಸರುವಾಸಿ. ಹಾಗಾಗಿ ಯಾರಾದ್ರೂ "ಎರಡು ಲಕ್ಷ ಓಡಿದೆ, ಇನ್ನೇನು ಇದೆ ಇದರಲ್ಲಿ" ಅಂದ್ರೆ ನಾನು ಮೀಟರ್ ನೋಡೋಕೇ ಹೋಗಲ್ಲ. ಆ ಕಾಲದ ಬಹಳಷ್ಟು ಮೀಟರ್‌ಗಳಲ್ಲಿ ಐದೇ ಅಂಕಿ, 99,999 ಆದಮೇಲೆ ಮತ್ತೆ ಸೊನ್ನೆ. ಮೀಟರ್‌ನಲ್ಲಿ 40 ಸಾವಿರ ಅಂತ ಇದ್ದರೆ ಅದು 40 ಸಾವಿರವೋ, ಒಂದು ಲಕ್ಷದ 40 ಸಾವಿರವೋ, ಗಾಡಿಗೇ ಗೊತ್ತು.

5/7
ಈಗ ನಿಸ್ಸಾನ್ ಮಾಡಿದ ಪ್ರಯೋಗಕ್ಕೆ ಬರೋಣ.

1996ರಲ್ಲಿ ನಿಸ್ಸಾನ್ ಅಮೆರಿಕದಲ್ಲಿ 300ಝಡ್ಎಕ್ಸ್ ಮಾರೋದನ್ನ ನಿಲ್ಲಿಸಿತು. ಬೆಲೆ ಏರಿತ್ತು, ಗಿರಾಕಿ ಇರಲಿಲ್ಲ. 1969ರಿಂದ ಮೊದಲ ಸಲ ಶೋರೂಮಿನಲ್ಲಿ ಝಡ್ ಅನ್ನೋ ಗಾಡಿಯೇ ಇಲ್ಲ. ಹೊಸದು ಬರೋಕೆ ವರ್ಷಗಳು ಬೇಕು. ಅಲ್ಲೀವರೆಗೂ ಜನ ಹೆಸರು ಮರೆಯಬಾರದಲ್ಲ? ಅದಕ್ಕೆ ಅವರು ತೆಗೆದ ಉಪಾಯ ಕೇಳಿ: 1970ರ ದಶಕದ ಮೊದಲ ವರ್ಷಗಳ 240ಝಡ್‌ಗಳನ್ನ ಸೆಕೆಂಡ್ ಹ್ಯಾಂಡ್ ಆಗಿ ಕೊಳ್ಳೋದು, ಕ್ಯಾಲಿಫೋರ್ನಿಯಾದ ಝಡ್ ಗ್ಯಾರೇಜುಗಳಿಗೆ ಕೊಟ್ಟು ಪೂರ್ತಿ ರೆಸ್ಟೋರ್ ಮಾಡಿಸೋದು, ಆಯ್ದ ನಿಸ್ಸಾನ್ ಡೀಲರ್‌ಗಳ ಶೋರೂಮಿನಲ್ಲಿ ಹೊಸ ಕಾರುಗಳ ಪಕ್ಕದಲ್ಲೇ ಇಟ್ಟು ವಾರಂಟಿ ಸಮೇತ ಮಾರೋದು. ಯೋಜನೆಯ ಹೆಸರು ವಿಂಟೇಜ್ ಝಡ್. ಬೆಲೆ ಸುಮಾರು 25 ಸಾವಿರ ಡಾಲರ್.

ಇದನ್ನ ಮೊದಲು ಓದಿದಾಗ ನನಗೆ ನಿಜಕ್ಕೂ ಖುಷಿಯಾಗಿತ್ತು. ಎಂಥಾ ಕಂಪನಿ ತನ್ನ ಇಪ್ಪತ್ತೈದು ವರ್ಷದ ಹಳೇ ಗಾಡಿಯನ್ನ ತಾನೇ ಕೊಂಡು, ತಾನೇ ಕಟ್ಟಿ, ತಾನೇ ಮಾರುತ್ತೆ?

ಈಗ ಅವರ ಕೈಲಿ ಏನೇನು ಇತ್ತು ಅಂತ ಯೋಚಿಸಿ. ಗಾಡಿ ಮಾಡಿದ ಕಂಪನಿಯೇ ಅವರು. ಬಿಡಿಭಾಗಗಳ ಗೋಡೌನ್ ಅವರದ್ದೇ. ಒಣ ಹವೆಯ ಕ್ಯಾಲಿಫೋರ್ನಿಯಾ, ಅಂದ್ರೆ ತುಕ್ಕು ಕಮ್ಮಿ ಇರೋ ಗಾಡಿ ಆರಿಸಿಕೊಳ್ಳೋ ಅವಕಾಶ. ವರ್ಷಗಟ್ಟಲೆ ಬರೀ ಝಡ್ ಬಿಚ್ಚಿ ಕಟ್ಟಿದ ಕೈಗಳು. ಹಳೇ ಗಾಡಿ ಆಗಿನ್ನೂ ಅಗ್ಗಕ್ಕೆ ಸಿಗ್ತಿತ್ತು. ನಿಮಗಾಗಲಿ ನನಗಾಗಲಿ ಇದರಲ್ಲಿ ಒಂದೂ ಇಲ್ಲ.

ಅಷ್ಟಿದ್ದೂ ಲೆಕ್ಕ ಕೂಡಿ ಬರಲಿಲ್ಲ. ಮೊದಲು ಅಂದುಕೊಂಡಿದ್ದು 200 ಗಾಡಿ. ತಯಾರಾಗಿದ್ದು 40ನ್ನೂ ದಾಟಲಿಲ್ಲ. ಮಾರೋ ಬೆಲೆಗೆ ಕೆಲಸದ ಖರ್ಚೇ ಹುಟ್ಟಲಿಲ್ಲ.

ಖರ್ಚು ಎಲ್ಲಿ ಹೋಗುತ್ತೆ ಅಂತ ರೆಸ್ಟೋರ್ ಮಾಡಿಸಿದವರನ್ನ ಕೇಳಿ. ಇಂಜಿನ್ನಲ್ಲಿ ಅಲ್ಲ. ಪೇಂಟ್ ಕೆರೆದಾಗ ಹಿಂದಿನವನು ಮೆತ್ತಿದ ಪುಟ್ಟಿ ಬೆರಳು ದಪ್ಪ ಉದುರುತ್ತೆ, ಅದರ ಹಿಂದೆ ತೂತು. ತೂತು ಮುಚ್ಚೋಕೆ ಸುತ್ತ ಕತ್ತರಿಸಿದರೆ ಗಟ್ಟಿ ತಗಡು ಇನ್ನೂ ಒಂದು ಗೇಣು ಆಚೆ ಇರುತ್ತೆ. ಬಾಗಿಲ ರಬ್ಬರು, ಗಾಜಿನ ಬೀಡಿಂಗು, ಎಲ್ಲಾ ಕಲ್ಲಾಗಿರುತ್ತೆ. ಝಡ್‌ನ ಡ್ಯಾಶ್‌ಬೋರ್ಡ್ ಅಂತೂ ಬಿಸಿಲಿಗೆ ಬಿರುಕು ಬಿಡೋದಕ್ಕೆ ಕುಖ್ಯಾತ. ಬಿರುಕಿಲ್ಲದ್ದು ಸಿಕ್ಕರೆ ಅದಕ್ಕೇ ಒಂದು ಬೆಲೆ. ಇಂಥ ನೂರು ಚಿಲ್ಲರೆ ಸೇರಿದರೆ ಇಂಜಿನ್ ಖರ್ಚು ಲೆಕ್ಕಕ್ಕೇ ಬರಲ್ಲ.

ಯೋಜನೆ ಒಂದೆರಡು ವರ್ಷಕ್ಕೇ ನಿಂತಿತು. ಆದರೆ ಪತ್ರಿಕೆಗಳು ಬರೆದವು, ಹೆಸರು ಉಳೀತು. 1999ರಲ್ಲಿ ಡೆಟ್ರಾಯಿಟ್ ಪ್ರದರ್ಶನದಲ್ಲಿ ಹೊಸ ಝಡ್‌ನ ಮಾದರಿ ಬಂತು, 2002ರಲ್ಲಿ 350ಝಡ್. ಕಂಪನಿಗೆ ಆ ನಷ್ಟ ಜಾಹೀರಾತಿನ ಖರ್ಚು. ನಿಮ್ಮ ನಷ್ಟವನ್ನ ಯಾವ ಖಾತೆಗೆ ಬರೀತೀರಿ ಅನ್ನೋದನ್ನ ಮೊದಲೇ ಯೋಚಿಸಿ. ಅಪ್ಪನ ಗಾಡಿ ಅಂತ ಮಾಡಿಸ್ತೀರಾ, ಹಾಗಂತ ಒಪ್ಪಿಕೊಂಡು ಮಾಡಿಸಿ. "ಆಮೇಲೆ ಮಾರಿದ್ರೆ ದುಡ್ಡು ಬರುತ್ತೆ" ಅಂತ ಮಾತ್ರ ಮನೆಯವರಿಗೆ ಸುಳ್ಳು ಹೇಳಬೇಡಿ.

6/7
ಇನ್ನು ಬಿಚ್ಚೋ ವಿಷಯ. ನನಗೂ ಮೊದಲು ಬಿಚ್ಚೋದು ಅಂದ್ರೆ ಪಾಪ ಅನ್ನಿಸ್ತಿತ್ತು. ಇಂಥಾ ಗಾಡಿಯನ್ನ ಗುಜರಿಗೆ ಹಾಕ್ತಾರಲ್ಲಪ್ಪ ಅಂತ.

ಝಡ್‌ಗಳ ಇತಿಹಾಸ ಓದ್ತಾ ಅಭಿಪ್ರಾಯ ಬದಲಾಯ್ತು. 280ಝಡ್‌ನ 2.8 ಲೀಟರಿನ ಇಂಜಿನ್ 240ಝಡ್‌ನಲ್ಲಿ ಹೆಚ್ಚು ತಕರಾರಿಲ್ಲದೆ ಕೂರುತ್ತೆ. ಅಮೆರಿಕದ 240ಝಡ್‌ಗೆ ಮ್ಯಾನ್ಯುಯಲ್‌ನಲ್ಲಿ ನಾಲ್ಕೇ ಗೇರು. ಆಮೇಲೆ ಬಂದ 280ಝಡ್ಎಕ್ಸ್‌ನ ಐದು ಗೇರಿನ ಬಾಕ್ಸ್ ಇದಕ್ಕೆ ಹೊಂದಿಸಬಹುದು. ಹೀಗೆ ಅದೆಷ್ಟೋ ವರ್ಷ ತಮ್ಮನನ್ನ ಬಿಚ್ಚಿ ಅಣ್ಣನನ್ನ ಉಳಿಸಿದರು. ಇವತ್ತು ಫೋಟೊದಲ್ಲಿ ಥಳಥಳ ಹೊಳೆಯೋ ಒಂದು 240ಝಡ್ ನೋಡಿದರೆ ಅದರ ಬಾಗಿಲು ಒಂದು ಗಾಡಿಯದ್ದು, ಗಾಜು ಇನ್ನೊಂದರದ್ದು, ಡ್ಯಾಶ್‌ಬೋರ್ಡ್ ಮತ್ತೊಂದರದ್ದು ಇರಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೇ ಪಾರ್ಟ್ ಹುಡುಕಿ ಅಲೆದವರಿಗೆ ಇದನ್ನ ವಿವರಿಸಿ ಹೇಳಬೇಕಿಲ್ಲ.

ಆದರೆ ಬಿಚ್ಚೋದು ಬೇರೆ, ತೂಕಕ್ಕೆ ಹಾಕೋದು ಬೇರೆ. ಒಂದೊಂದು ಬೋಲ್ಟ್ ಚೀಲಕ್ಕೆ ಹಾಕಿ, ಚೀಲದ ಮೇಲೆ ಎಲ್ಲಿಯದು ಅಂತ ಬರೆದು, ಗಾಜನ್ನ ರಬ್ಬರ್ ಸಮೇತ ಹುಷಾರಾಗಿ ತೆಗೆದಿಟ್ಟರೆ ಒಂದು ಸತ್ತ ಗಾಡಿ ನಾಲ್ಕೈದು ಗಾಡಿಗಳನ್ನ ರಸ್ತೆಯಲ್ಲಿ ಇಡುತ್ತೆ. ಗ್ಯಾಸ್ ಕಟ್ಟರ್ ಹಿಡಿದು ಕತ್ತರಿಸಿದರೆ ಒಂದನ್ನೂ ಇಡಲ್ಲ. ತಿಂಗಳುಗಟ್ಟಲೆ ಕೆಲಸ, ಮನೆ ತುಂಬಾ ಪೆಟ್ಟಿಗೆ. ಅದಕ್ಕೇ ಜನ ಅರ್ಧ ಬಿಚ್ಚಿ ಬಿಟ್ಟುಬಿಡ್ತಾರೆ. ಅರ್ಧ ಬಿಚ್ಚಿದ ಗಾಡಿ ಇದೆಯಲ್ಲ, ಅದರಷ್ಟು ಸಂಕಟದ ವಸ್ತು ಇನ್ನೊಂದಿಲ್ಲ. ಇಂಜಿನ್ ಮಾರಿಹೋಗಿದೆ, ಬಾಡಿ ಬಿಸಿಲಲ್ಲಿ ನಿಂತಿದೆ, ಚಿಲ್ಲರೆ ಸಾಮಾನು ಯಾವ ಡಬ್ಬಿಯಲ್ಲಿದೆ ಯಾರಿಗೂ ಗೊತ್ತಿಲ್ಲ.

7/7
2020ರ ಜನವರಿಯಲ್ಲಿ 1971ರ ಒಂದು 240ಝಡ್ ಆನ್‌ಲೈನ್ ಹರಾಜಿನಲ್ಲಿ 3,10,000 ಡಾಲರ್‌ಗೆ ಹೋಯ್ತು. ಸುದ್ದಿ ಎಲ್ಲಾ ಕಡೆ ಓಡಾಡಿತು. ಎಲ್ಲೆಲ್ಲೋ ಶೆಡ್‌ಗಳಲ್ಲಿ ಮಲಗಿದ್ದ ಝಡ್‌ಗಳಿಗೆ ರಾತ್ರೋರಾತ್ರಿ ಬೆಲೆ ಬಂತು, ಕನಿಷ್ಠ ಅವುಗಳ ಮಾಲೀಕರ ತಲೆಯಲ್ಲಿ. ಆದರೆ ಆ ಗಾಡಿ ಓಡಿದ್ದು 21 ಸಾವಿರ ಚಿಲ್ಲರೆ ಮೈಲಿ ಅಷ್ಟೆ, ರೆಸ್ಟೋರ್ ಮಾಡಿದ್ದೂ ಅಲ್ಲ, ಇದ್ದ ಹಾಗೇ ಉಳಿದದ್ದು. ನೀವು ಎಷ್ಟೇ ಖರ್ಚು ಮಾಡಿದರೂ ನಿಮ್ಮ ಎರಡು ಲಕ್ಷ ಮೈಲಿಯ ಗಾಡಿ ಆ ಗಾಡಿ ಆಗಲ್ಲ. ಆಗಬೇಕಾಗಿಯೂ ಇಲ್ಲ.

ಹಾಗಾದ್ರೆ ನಿಮ್ಮ ಪ್ರಶ್ನೆಗೆ? ಗಾಡಿಯನ್ನ ಎತ್ತಿ ನಿಲ್ಲಿಸಿ, ಕೆಳಗೆ ನುಗ್ಗಿ, ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಝಡ್ ಆದರೆ ಮೊದಲು ಬ್ಯಾಟರಿ ಕೂರೋ ತಟ್ಟೆ ಮತ್ತೆ ಅದರ ಕೆಳಗಿನ ರೇಲ್, ಯಾಕಂದ್ರೆ ಆಸಿಡ್ ಸೋರೋದು ಅಲ್ಲಿಗೆ. ಆಮೇಲೆ ಫ್ಲೋರ್, ಬಾಗಿಲ ಕೆಳಗಿನ ತೊಲೆ, ಹಿಂದಿನ ಚಕ್ರದ ಮುಂದಿನ ಮೂಲೆ. ಫ್ಲೋರ್ ಮಾತ್ರ ಹೋಗಿದ್ದರೆ ಒಳ್ಳೇ ವೆಲ್ಡರ್ ಸಿಕ್ಕರೆ ಸಾಕು, ಉಳಿಸಿ. ರೇಲ್, ತೊಲೆ ಎರಡೂ ಪುಡಿಯಾಗಿ ಸ್ಕ್ರೂಡ್ರೈವರ್ ಒಳಗೇ ಹೋದರೆ ಬಿಚ್ಚಿ. ನಿಸ್ಸಾನ್ ಕೈಲೇ ಹೊಂದದ ಲೆಕ್ಕ ಅದು, ನಿಮ್ಮ ತಪ್ಪಲ್ಲ. ಒಂದೇ ಒಂದು ಸಂದರ್ಭದಲ್ಲಿ ತಡೀರಿ: ಡಿಕ್ಕಿ ಬಾಗಿಲ ಮೇಲೆ ಗಾಳಿ ಹೋಗೋ ಎರಡು ಜಾಲರಿ ಇದ್ದರೆ ಅದು ತೀರಾ ಮೊದಮೊದಲ ಗಾಡಿ, ಝಡ್ ಗೊತ್ತಿರೋ ಯಾರಿಗಾದರೂ ತೋರಿಸದೆ ಸ್ಪ್ಯಾನರ್ ಹಿಡೀಬೇಡಿ.

ಬಿಚ್ಚೋದೇ ಆದರೆ ಶುರು ಮಾಡೋ ಮುಂಚೆ ಚಾಸಿ ನಂಬರ್, ಇಂಜಿನ್ ನಂಬರ್ ಫೋಟೊ ತೆಗೆದಿಟ್ಟುಕೊಳ್ಳಿ, ದಾಖಲೆ ರದ್ದು ಮಾಡಿಸಿ, ನಂಬರ್ ಪ್ಲೇಟನ್ನ ಯಾವ ಕಾರಣಕ್ಕೂ ಇನ್ನೊಂದು ಗಾಡಿಗೆ ಕೊಡಬೇಡಿ.

ಮುಂದಿನ ವಾರ ಎಂಜಿಬಿ. 1988ರಲ್ಲಿ ಇಂಗ್ಲೆಂಡಿನಲ್ಲಿ ಹಳೇ ಅಚ್ಚುಗಳನ್ನೇ ಹುಡುಕಿ ತಂದು ಆ ಗಾಡಿಗೆ ಹೊಸ ಬಾಡಿಯನ್ನೇ ಒತ್ತಿದರು, ತುಕ್ಕಿನ ಪ್ರಶ್ನೆಯೇ ತಿರುಗಿಬಿತ್ತು. ಅಲ್ಲೀವರೆಗೂ ನಿಮ್ಮ ಶೆಡ್‌ನಲ್ಲಿ ಏನು ನಿಂತಿದೆ ಅಂತ ಕಮೆಂಟಿನಲ್ಲಿ ಹೇಳಿ. ಈ ಸಲ ಫೋಟೊ ಗಾಡಿಯ ಅಡಿಯದ್ದೇ ಕಳಿಸಿ.

#ಹಳೇಗಾಡಿ #ದಟ್ಸನ್240ಝಡ್ #ಕಾರಿನಇತಿಹಾಸ #ಕನ್ನಡ