ರೋಹನ್ ಬೋಪಣ್ಣ: ಒಬ್ಬ ಟೆನ್ನಿಸ್ ಆಟಗಾರನ ಏಳಿಗೆ



ನಮ್ಮ ಮೈಸೂರಿನಿಂದ ಪಶ್ಚಿಮಾಭಿಮುಖವಾಗಿ ಹೊರಟು, ಹುಣಸೂರು ಪಿರಿಯಾಪಟ್ಟಣಗಳನ್ನು ಹಾದು, ಕುಶಾಲನಗರದ ಬಳಿ ಕಾವೇರಿಯನ್ನು ದಾಟಿದರೆ ಕೊಡಗು ಸೀಮೆಯು ಮೊದಲಾಗುತ್ತದೆ. ಕೊಡಗೆಂದೊಡನೆ ಮೈಸೂರಿಗರಾದ ನಮ್ಮ ನೆನಪಿಗೆ ಬರುವ ವಸ್ತುಗಳು ಕೆಲವುಂಟು: ಕಾಫಿ, ಕಿತ್ತಳೆ, ಜೇನು, ಸೈನ್ಯ ಮತ್ತು ಹಾಕಿ. ಈ ಸಾಲಿನಲ್ಲಿ ಟೆನ್ನಿಸ್ಸಿಗೆ ಎಡೆಯಿರಲಿಲ್ಲ. ಅಂಥ ನಾಡಿನ ತೋಟಗಳ ನಡುವೆ ಬೆಳೆದ ಶ್ರೀ ರೋಹನ್ ಬೋಪಣ್ಣನವರು 2024ನೆಯ ಇಸವಿ ಜನವರಿ 29ರಂದು ಟೆನ್ನಿಸ್ಸಿನ ಡಬಲ್ಸ್ ಆಟದಲ್ಲಿ ಸಮಸ್ತ ಪ್ರಪಂಚಕ್ಕೆ ಮೊದಲಿಗರಾದರು. ಅಂದು ಅವರಿಗೆ 43 ವರ್ಷ ತುಂಬಿ ಹತ್ತು ತಿಂಗಳು ಮೀರಿತ್ತು. ಆ ವಯಸ್ಸಿಗೆ ಆಟಗಾರರಾದವರು ಸಾಮಾನ್ಯವಾಗಿ ಬ್ಯಾಟನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಕಿರಿಯರಿಗೆ ಬುದ್ಧಿ ಹೇಳುತ್ತ ಕುಳಿತಿರುತ್ತಾರೆ. ಇವರ ಏಳಿಗೆ ಇಷ್ಟು ವಿಳಂಬವಾದುದು ಹೇಗೆ, ವಿಳಂಬವಾಗಿಯಾದರೂ ಕೈಗೂಡಿದುದು ಹೇಗೆ ಎಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಿಸೋಣ.

ಲಾನ್ ಟೆನ್ನಿಸ್ ಎಂಬ ಈ ಆಟವು ಬಹಳ ಪ್ರಾಚೀನವಾದುದಲ್ಲ. 1874ರಲ್ಲಿ ಇಂಗ್ಲೆಂಡಿನ ಮೇಜರ್ ವಿಂಗ್‌ಫೀಲ್ಡ್ ಎಂಬಾತನು ಹುಲ್ಲುನೆಲದ ಮೇಲೆ ಆಡತಕ್ಕ ಒಂದು ಆಟದ ಸಲಕರಣೆಗೆ ಹಕ್ಕುಪತ್ರ ಪಡೆದನು. ದಂಡಿನ ಅಧಿಕಾರಿಗಳೂ ತೋಟಗಳ ದೊರೆಗಳೂ ಅದನ್ನು ನಮ್ಮ ದೇಶಕ್ಕೆ ತಂದರು. ದಂಡು ಇಳಿದಲ್ಲೆಲ್ಲ, ಕಾಫಿ ತೋಟ ಎದ್ದಲ್ಲೆಲ್ಲ ಒಂದು ಕ್ಲಬ್ಬು. ಕ್ಲಬ್ಬು ಇದ್ದಲ್ಲೆಲ್ಲ ಒಂದು ಟೆನ್ನಿಸ್ ಕೋರ್ಟು. ಆದರೆ ಕ್ಲಬ್ಬಿನ ಬೇಲಿಯೊಳಗಿನ ಆಟವು ಊರಿನ ಆಟವಾಗಲು ಬಹಳ ಕಾಲ ಹಿಡಿಯುತ್ತದೆ. ಮೈಸೂರು ನಗರದಲ್ಲಿ ಅದು ಒಂದಿಷ್ಟು ಬೇರೂರಿತು. ಈ ಊರಿನವರೇ ಆದ ಶ್ರೀ ಪ್ರಹ್ಲಾದ್ ಶ್ರೀನಾಥರು ಡೇವಿಸ್ ಕಪ್ ಪಂದ್ಯಗಳಲ್ಲಿ ಭಾರತದ ಪರವಾಗಿ ಆಡಿದುದನ್ನು ನಮ್ಮಲ್ಲಿ ಅನೇಕರು ಬಲ್ಲರು. ಕೊಡಗಿನಲ್ಲಾದರೋ ಹುಡುಗರ ಕೈಗೆ ಮೊದಲು ಬರುವುದು ಹಾಕಿಯ ಕೋಲು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಮನೆತನ ಮನೆತನಗಳ ನಡುವೆಯೇ ಹಾಕಿ ಪಂದ್ಯವನ್ನು ಏರ್ಪಡಿಸಿದಾಗ, ತಂದೆಯೂ ಮಗನೂ ಸೊಸೆಯೂ ಒಂದೇ ತಂಡದಲ್ಲಿ ಆಡುವ ಆ ಉತ್ಸವವು ವರ್ಷವರ್ಷಕ್ಕೂ ಬೆಳೆಯಿತು. ಆಟವೆಂದರೆ ಹನ್ನೊಂದು ಜನರ ಕೂಟವೆಂದು ತಿಳಿದ ನಾಡು ಅದು.

ಮಚ್ಚಂಡ ಮನೆತನದ ರೋಹನ್ ಬೋಪಣ್ಣನವರು 1980ನೆಯ ಇಸವಿ ಮಾರ್ಚಿ 4ರಂದು ಬೆಂಗಳೂರಿನಲ್ಲಿ ಜನಿಸಿದರು, ಬೆಳೆದುದು ಕೊಡಗಿನಲ್ಲಿ. ತಂದೆ ಕಾಫಿ ಬೆಳೆಗಾರರು. ಬಾಲಕನಿಗೆ ಹಾಕಿಯೂ ಕಾಲ್ಚೆಂಡೂ ಪ್ರಿಯವಾಗಿದ್ದುವು. ಹನ್ನೊಂದನೆಯ ವಯಸ್ಸಿನಲ್ಲಿ ಅವನು ಟೆನ್ನಿಸ್ ಹಿಡಿದುದು ತಂದೆಯ ಇಷ್ಟದಿಂದ. ಮಗನು ಒಬ್ಬನೇ ನಿಂತು ಆಡುವ ಆಟವೊಂದನ್ನು ಕಲಿಯಬೇಕೆಂಬುದು ಅವರ ಅಪೇಕ್ಷೆ. ಶ್ರೋತೃಗಳು ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ನಮ್ಮ ಕೋರಿಕೆ. ಒಂಟಿಯಾಗಿ ನಿಲ್ಲಲೆಂದು ಆರಿಸಿದ ಆಟದಲ್ಲಿ ಈ ಹುಡುಗನು ಕೀರ್ತಿ ಪಡೆದುದು ಇನ್ನೊಬ್ಬನ ಹೆಗಲಿಗೆ ಹೆಗಲು ಕೊಟ್ಟು.

ನಗರದ ವ್ಯಾಯಾಮಶಾಲೆಗಳ ಯಂತ್ರಗಳು ತೋಟದ ಮನೆಯಲ್ಲಿ ಎಲ್ಲಿಂದ ಬರಬೇಕು? ತೋಳಿಗೆ ಬಲ ಬರಲೆಂದು ಹುಡುಗನು ಸೌದೆ ಒಡೆದನು. ಉಸಿರು ಕಟ್ಟದಿರಲೆಂದು ಕಾಫಿ ಗಿಡಗಳ ನಡುವಣ ಏರುತಗ್ಗುಗಳಲ್ಲಿ ಓಡಿದನು. ಬಿರುಕುಬಿಟ್ಟ ಕೋರ್ಟುಗಳಲ್ಲಿ ಚೆಂಡನ್ನು ಹೊಡೆದನು. ಕೊಡಲಿಯನ್ನು ತಲೆಯ ಮೇಲಕ್ಕೆತ್ತಿ, ಸೊಂಟವನ್ನು ತಿರುಗಿಸಿ, ಮೈಯ ಭಾರವನ್ನೆಲ್ಲ ಮುಂದಕ್ಕೆ ಹಾಕಿ ಇಳಿಸುವ ಕ್ರಮಕ್ಕೂ ಟೆನ್ನಿಸ್ಸಿನ ಸರ್ವಿಸ್ ಹೊಡೆತಕ್ಕೂ ಬಹಳ ಅಂತರವಿಲ್ಲ. ಆರಡಿಯನ್ನು ಮೀರಿ ಬೆಳೆದ ಈ ಯುವಕನ ಸರ್ವಿಸ್ಸು ಮುಂದೆ ಪ್ರತಿಕಕ್ಷಿಗಳಿಗೆ ಕಂಟಕವಾಯಿತಾದರೆ, ಅದರ ಕೀರ್ತಿಯಲ್ಲಿ ಸೌದೆಯ ರಾಶಿಗೂ ಒಂದು ಪಾಲು ಸಲ್ಲಬೇಕು.

ಹತ್ತೊಂಬತ್ತನೆಯ ವಯಸ್ಸಿನ ವೇಳೆಗೆ ಟೆನ್ನಿಸ್ಸೇ ಬದುಕೆಂದು ನಿಶ್ಚಯವಾಯಿತು. ಅದು 1999ನೆಯ ಇಸವಿ. ಲಿಯಾಂಡರ್ ಪೇಸ್ ಮತ್ತು ಮಹೇಶ್ ಭೂಪತಿಯವರು ಆ ಒಂದೇ ವರ್ಷದಲ್ಲಿ ನಾಲ್ಕು ಮಹಾಪಂದ್ಯಾವಳಿಗಳ ಡಬಲ್ಸ್ ಅಂತಿಮ ಪಂದ್ಯಕ್ಕೂ ಏರಿ, ಪ್ಯಾರಿಸ್ಸಿನಲ್ಲಿಯೂ ವಿಂಬಲ್ಡನ್ನಿನಲ್ಲಿಯೂ ಗೆದ್ದರು. 2002ರಲ್ಲಿ ಬೋಪಣ್ಣನವರು ಆಸ್ಟ್ರೇಲಿಯದ ಎದುರು ಡೇವಿಸ್ ಕಪ್ ತಂಡದಲ್ಲಿ ಪ್ರಥಮವಾಗಿ ಆಡಿದರು. 2003ರಲ್ಲಿ ವೃತ್ತಿಯ ಆಟಗಾರರಾದರು. ಮುಂದಿನ ವರ್ಷಗಳು ಕಷ್ಟದವು. ಸಿಂಗಲ್ಸ್ ಆಟದಲ್ಲಿ ಅವರು ಮುಟ್ಟಿದ ಅತ್ಯುಚ್ಚ ಸ್ಥಾನ 213. ಅದೂ 2007ರಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ.

213 ಎಂಬುದು ಕೇಳುವವರಿಗೆ ಸಣ್ಣ ಸಾಧನೆಯಲ್ಲ. ಪ್ರಪಂಚದಲ್ಲಿ ಇನ್ನೂರ ಹದಿಮೂರನೆಯ ವೈದ್ಯನೋ ವಕೀಲನೋ ಆದವನ ಮನೆಯ ಮುಂದೆ ಕಾರುಗಳ ಸಾಲು ನಿಂತೀತು. ಟೆನ್ನಿಸ್ಸಿನ ಲೆಕ್ಕವೇ ಬೇರೆ. ಮಹಾಪಂದ್ಯಾವಳಿಗಳ ಮುಖ್ಯ ಸುತ್ತಿಗೆ ನೇರವಾಗಿ ಪ್ರವೇಶ ದೊರೆಯುವುದು ಸುಮಾರಾಗಿ ಮೊದಲ ನೂರು ಮಂದಿಗೆ. ಉಳಿದವರು ಅರ್ಹತಾ ಪಂದ್ಯಗಳ ಹೊಸ್ತಿಲಲ್ಲಿ ನಿಂತು ಕಾಯಬೇಕು. ಚಿಕ್ಕ ಪುಟ್ಟ ಊರುಗಳ ಪಂದ್ಯಗಳನ್ನು ಹುಡುಕಿಕೊಂಡು ಖಂಡದಿಂದ ಖಂಡಕ್ಕೆ ಅಲೆಯಬೇಕು. ವಿಮಾನದ ಖರ್ಚು, ವಸತಿಯ ಖರ್ಚು, ಗುರುವಿನ ಸಂಬಳ, ಎಲ್ಲವೂ ಆಟಗಾರನ ಕಿಸೆಯಿಂದಲೇ. ಗೆದ್ದರೆ ಬಹುಮಾನ, ಸೋತರೆ ಮುಂದಿನ ಊರಿನ ಟಿಕೆಟ್ಟು. ಇಪ್ಪತ್ತೇಳು ವರ್ಷಕ್ಕೆ ಈ ಮೆಟ್ಟಿಲಲ್ಲಿ ನಿಂತಿರುವವನನ್ನು ಲೋಕವು ಕೈಬಿಟ್ಟ ಆಟಗಾರನೆಂದೇ ಎಣಿಸುತ್ತದೆ. ಭುಜದ ನೋವೂ ಅವರನ್ನು ಕಾಡುತ್ತಿತ್ತು. ಅವರು ಕ್ರಮೇಣ ಡಬಲ್ಸಿನ ಕಡೆಗೆ ತಿರುಗಿ, 2008ರಲ್ಲಿ ಅಮೆರಿಕದ ಎರಿಕ್ ಬ್ಯುಟೊರಾಕನೊಡನೆ ಲಾಸ್ ಏಂಜಲೀಸಿನಲ್ಲಿ ಮೊದಲ ಪ್ರಶಸ್ತಿಯನ್ನು ಗಳಿಸಿದರು.

ಡಬಲ್ಸೆಂದರೆ ಸಿಂಗಲ್ಸಿನಲ್ಲಿ ಸೋತವರ ಆಶ್ರಯಸ್ಥಾನವೆಂದು ಹಗುರವಾಗಿ ನುಡಿಯುವವರುಂಟು. ನಾವು ಇದನ್ನು ಒಪ್ಪಲಾರೆವು. ಅದು ಬೇರೊಂದು ವಿದ್ಯೆ. ಒಬ್ಬನು ಹಿಂದಿನಿಂದ ಸರ್ವಿಸ್ ಮಾಡುವಾಗ ಜೊತೆಗಾರನು ಬಲೆಯ ಬಳಿ ಬಾಗಿ ನಿಂತು, ಬೆನ್ನ ಹಿಂದೆ ಬೆರಳುಗಳ ಸಂಜ್ಞೆಯಿಂದ ತಾನು ಯಾವ ಕಡೆಗೆ ನುಗ್ಗುವೆನೆಂದು ತಿಳಿಸುತ್ತಾನೆ. ಚೆಂಡು ಹಿಂತಿರುಗುವುದರೊಳಗೆ ಇಬ್ಬರೂ ಸ್ಥಾನ ಬದಲಿಸಿರಬೇಕು. ಮಾತಿಗೆ ಕಾಲವಿಲ್ಲ, ನಂಬಿಕೆಗೆ ಮಾತ್ರ ಕಾಲವುಂಟು. ಜೊತೆಗಾರನ ತಪ್ಪಿಗೆ ಮುಖ ಸಿಂಡರಿಸಿದವನು ಮುಂದಿನ ಅಂಶವನ್ನೂ ಕಳೆದುಕೊಳ್ಳುತ್ತಾನೆ.

ಈ ವಿದ್ಯೆಯಲ್ಲಿ ಬೋಪಣ್ಣನವರಿಗೆ ಒದಗಿದ ಮೊದಲ ಪ್ರಸಿದ್ಧ ಜೊತೆಗಾರರು ಪಾಕಿಸ್ತಾನದ ಲಾಹೋರಿನ ಐಸಾಮ್ ಉಲ್ ಹಕ್ ಖುರೇಷಿಯವರು. ಎರಡು ದೇಶಗಳ ನಡುವೆ ಕ್ರಿಕೆಟ್ಟೇ ನಿಂತುಹೋಗುವಂಥ ದಿನಗಳಲ್ಲಿ ಈ ಇಬ್ಬರೂ ಬಲೆಯ ಒಂದೇ ಬದಿಯಲ್ಲಿ ನಿಂತು, ಯುದ್ಧವನ್ನು ನಿಲ್ಲಿಸಿ ಟೆನ್ನಿಸ್ಸನ್ನು ಆರಂಭಿಸಿರೆಂಬ ಬರಹವುಳ್ಳ ಅಂಗಿಗಳನ್ನು ತೊಟ್ಟು ಕಾಣಿಸಿಕೊಂಡರು. 2010ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಅಂತಿಮ ಪಂದ್ಯಕ್ಕೆ ಏರಿದಾಗ ವಿಶ್ವಸಂಸ್ಥೆಯಲ್ಲಿದ್ದ ಭಾರತ ಪಾಕಿಸ್ತಾನಗಳೆರಡರ ರಾಯಭಾರಿಗಳೂ ಅದನ್ನು ನೋಡಲು ಬಂದಿದ್ದರು. ಅಮೆರಿಕದ ಬ್ರಯನ್ ಸೋದರರ ಕೈಯಲ್ಲಿ ಎರಡು ಸೆಟ್ಟುಗಳೂ ಟೈಬ್ರೇಕಿನವರೆಗೆ ಹೋಗಿ ಕೈತಪ್ಪಿದವು.

ಅದೇ ತಿಂಗಳು ಚೆನ್ನೈಯಲ್ಲಿ ಬ್ರೆಜಿಲ್ ದೇಶದೊಡನೆ ಡೇವಿಸ್ ಕಪ್ ಪಂದ್ಯ. ಮೊದಲ ದಿನ ಬೋಪಣ್ಣನವರು ಐದು ಸೆಟ್ಟುಗಳ ದೀರ್ಘ ಹೋರಾಟದಲ್ಲಿ ಬೆಲ್ಲೂಚಿಗೆ ಸೋತರು. ಭಾರತವು ಸೊನ್ನೆಗೆ ಎರಡರಿಂದ ಹಿಂದುಳಿಯಿತು. ಪೇಸ್ ಭೂಪತಿಯವರು ಡಬಲ್ಸನ್ನು ಗೆದ್ದರು. ಸೋಮದೇವ ದೇವವರ್ಮನ್ ನಾಲ್ಕನೆಯದನ್ನು ಉಳಿಸಿದರು. ಉಳಿದುದು ಐದನೆಯ ಪಂದ್ಯ. ಅದು ಸಿಂಗಲ್ಸ್, ಜೊತೆಗೆ ಯಾರೂ ಇಲ್ಲ. ಬೋಪಣ್ಣನವರು ರಿಕಾರ್ಡೊ ಮೆಲ್ಲೊ ಎಂಬಾತನನ್ನು ನೇರವಾಗಿ ಮೂರು ಸೆಟ್ಟುಗಳಲ್ಲಿ ಸೋಲಿಸಿದರು. ತಂದೆಯ ಬಯಕೆಯು ಅಕ್ಷರಶಃ ನೆರವೇರಿದ ದಿನವೊಂದಿದ್ದರೆ ಅದು ಅದೇ ಎಂದು ನಮಗೆ ತೋರುತ್ತದೆ.

ಅನಂತರದ ದಶಕದ ಗೆಲವುಗಳನ್ನು ಒಂದೊಂದಾಗಿ ಹೇಳುತ್ತ ಹೋದರೆ ಪಂಚಾಂಗ ಓದಿದಂತಾದೀತು. 2016ರ ರಿಯೊ ಒಲಿಂಪಿಕ್ಸಿನಲ್ಲಿ ಸಾನಿಯಾ ಮಿರ್ಜಾರೊಡನೆ ಕಂಚಿನ ಪದಕವು ಕೈಗೆಟುಕದೆ ನಾಲ್ಕನೆಯ ಸ್ಥಾನ ಬಂದುದು ದೊಡ್ಡ ನಿರಾಶೆ. 2017ರಲ್ಲಿ ಪ್ಯಾರಿಸ್ಸಿನಲ್ಲಿ ಕೆನಡದ ಗೇಬ್ರಿಯೆಲಾ ಡಬ್ರೋವ್ಸ್ಕಿಯವರೊಡನೆ ಮಿಶ್ರ ಡಬಲ್ಸ್ ಪ್ರಶಸ್ತಿ. ಎದುರಾಳಿಗಳಿಗೆ ಎರಡು ಬಾರಿ ಒಂದೇ ಅಂಶ ಸಾಕಾಗಿದ್ದಾಗ ಉಳಿದುಕೊಂಡು, ನಿರ್ಣಾಯಕ ಭಾಗವನ್ನು 12–10ರಿಂದ ಗೆದ್ದರು. 2018ರ ಏಷ್ಯನ್ ಕ್ರೀಡೆಗಳಲ್ಲಿ ದಿವಿಜ್ ಶರಣರೊಡನೆ ಚಿನ್ನ. ಆದರೆ ಪುರುಷರ ಡಬಲ್ಸಿನ ಮಹಾಪ್ರಶಸ್ತಿಯು ಮಾತ್ರ ದೂರವೇ ಉಳಿಯಿತು.

ಆಮೇಲೆ ಮೊಣಕಾಲುಗಳು ಮುನಿದವು. ಕೀಲಿನ ಎಲುಬುಗಳ ನಡುವೆ ಮೆತ್ತೆಯಂತಿರುವ ಮೃದ್ವಸ್ಥಿಯು ಸವೆದುಹೋಗಿ, ನೋವಿನ ಮಾತ್ರೆಗಳಿಲ್ಲದೆ ಆಡುವುದು ದುಸ್ತರವಾಯಿತು. 2021ರ ಆರಂಭದ ತಿಂಗಳುಗಳಲ್ಲಿ ಸೋಲಿನ ಮೇಲೆ ಸೋಲು. ಪೋರ್ಚುಗಲ್ಲಿನ ಎಸ್ಟೊರಿಲ್ ಎಂಬಲ್ಲಿ ಅವರು ಸಮುದ್ರವನ್ನು ನೋಡುತ್ತ ಕುಳಿತು, ಒಂದು ಪಂದ್ಯವನ್ನೂ ಗೆಲ್ಲಲಾಗದ ಈ ಅಲೆದಾಟವೇಕೆ, ಮನೆಗೆ ಹಿಂತಿರುಗಬಾರದೇಕೆ ಎಂದು ಯೋಚಿಸಿದರಂತೆ. ನಾಲ್ವತ್ತೊಂದು ವರ್ಷದವನು ಆಗ ಮನೆಗೆ ಬಂದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ನಾವೂ ಸಂತಾಪದ ಎರಡು ಮಾತನಾಡಿ ಮರೆತುಬಿಡುತ್ತಿದ್ದೆವು.

ಅವರನ್ನು ಉಳಿಸಿದ ಸಂಗತಿಯಲ್ಲಿ ಮೈಸೂರಿಗರು ಅಭಿಮಾನಪಡಲು ಒಂದು ಕಾರಣವುಂಟು. ಸಾಂಕ್ರಾಮಿಕದ ದೆಸೆಯಿಂದ ಪ್ರಪಂಚವೆಲ್ಲ ಬಾಗಿಲು ಹಾಕಿಕೊಂಡಿದ್ದ ದಿನಗಳಲ್ಲಿ ಬೋಪಣ್ಣನವರು ಅಯ್ಯಂಗಾರ್ ಪದ್ಧತಿಯ ಯೋಗವನ್ನು ಆಶ್ರಯಿಸಿದ್ದರು. ಆ ಪದ್ಧತಿಯ ಪ್ರವರ್ತಕರಾದ ಬಿ. ಕೆ. ಎಸ್. ಅಯ್ಯಂಗಾರರು ಕೋಲಾರ ಜಿಲ್ಲೆಯ ಬೆಳ್ಳೂರಿನವರು. 1934ರಲ್ಲಿ ರೋಗಪೀಡಿತನಾದ ಹುಡುಗನಾಗಿ ಮೈಸೂರಿಗೆ ಬಂದು, ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯನ್ನು ನಡೆಸುತ್ತಿದ್ದ ತಮ್ಮ ಭಾವ ತಿರುಮಲೈ ಕೃಷ್ಣಮಾಚಾರ್ಯರಲ್ಲಿ ಅಭ್ಯಾಸ ಮಾಡಿದರು. 1937ರಲ್ಲಿ ಪುಣೆಗೆ ಹೋದರು. ತಮ್ಮ ದುರ್ಬಲ ಶರೀರದ ಅನುಭವದಿಂದಲೇ ಅವರು, ಕೀಲುಗಳಿಗೆ ಹಿಂಸೆಯಾಗದಂತೆ ಮರದ ಇಟ್ಟಿಗೆ, ಹಗ್ಗ, ಪಟ್ಟಿಗಳ ಆಸರೆಯಿಂದ ಆಸನಗಳನ್ನು ಸಾಧಿಸುವ ಕ್ರಮವನ್ನು ರೂಪಿಸಿದರು. ಸವೆದ ಮೃದ್ವಸ್ಥಿಯನ್ನು ಯೋಗವು ಮತ್ತೆ ಬೆಳೆಯಿಸಿತೆಂದು ನಾವು ಹೇಳುವುದಿಲ್ಲ. ಸುತ್ತಣ ಸ್ನಾಯುಗಳು ಬಲಿತು ಮೊಣಕಾಲಿನ ಹೊರೆಯನ್ನು ಹಂಚಿಕೊಂಡವು; ನೋವು ಇಳಿಯಿತು; ಮಾತ್ರೆಗಳು ನಿಂತವು. ಜಗನ್ಮೋಹನ ಅರಮನೆಯ ಮುಂದೆ ಹಾದುಹೋಗುವಾಗ ನಮ್ಮಲ್ಲಿ ಎಷ್ಟು ಮಂದಿ ಇದನ್ನು ನೆನೆಯುತ್ತೇವೆ?

2023ರಲ್ಲಿ ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡನ್ ಅವರ ಜೊತೆಗಾರರಾದರು. ಆತನೂ ಮೂವತ್ತೈದು ಕಳೆದವನು, ಚುರುಕು ಕಾಲಿನವನು. ಒಬ್ಬರ ಸರ್ವಿಸ್ಸಿನ ಬಲಕ್ಕೆ ಇನ್ನೊಬ್ಬರ ವೇಗವು ಹೊಂದಿಕೊಂಡಿತು. ಅಮೆರಿಕದ ಇಂಡಿಯನ್ ವೆಲ್ಸಿನಲ್ಲಿ ಗೆದ್ದಾಗ ಬೋಪಣ್ಣನವರು ಆ ದರ್ಜೆಯ ಪಂದ್ಯಾವಳಿಯನ್ನು ಗೆದ್ದವರಲ್ಲೆಲ್ಲ ಹಿರಿಯರೆನಿಸಿದರು. ಸೆಪ್ಟೆಂಬರಿನಲ್ಲಿ ಲಕ್ನೋದಲ್ಲಿ ಮೊರಾಕ್ಕೊದೊಡನೆ ಆಡಿ ಡೇವಿಸ್ ಕಪ್ಪಿಗೆ ವಿದಾಯ ಹೇಳುವುದಕ್ಕೆ ಕೆಲವೇ ದಿನ ಮೊದಲು, ನ್ಯೂಯಾರ್ಕಿನ ಅಂತಿಮ ಪಂದ್ಯ. ಹದಿಮೂರು ವರ್ಷಗಳ ಹಿಂದೆ ಸೋತ ಅಂಗಣ ಅದು. ಪಂದ್ಯದ ನಡುವೆ ಚೆಂಡು ತಮ್ಮ ತೋಳನ್ನು ಸವರಿಹೋಯಿತೆಂದು ಬೋಪಣ್ಣನವರು ತಾವಾಗಿಯೇ ತಿಳಿಸಿ ಅಂಶವನ್ನು ಬಿಟ್ಟುಕೊಟ್ಟರು. ತೀರ್ಪುಗಾರರು ಅದನ್ನು ಕಂಡಿರಲಿಲ್ಲ. ಪಂದ್ಯವು ಕೈಬಿಟ್ಟಿತು.

ಅಂತೂ 2024ರ ಜನವರಿ ಬಂದಿತು. ಮೆಲ್ಬರ್ನಿನಲ್ಲಿ 24ರಂದು ನಾಲ್ಕರ ಘಟ್ಟಕ್ಕೆ ಏರಿದೊಡನೆಯೇ ಮೊದಲ ಸ್ಥಾನವು ಖಚಿತವಾಯಿತು. ಏಕೆಂದರೆ ಈ ಪಟ್ಟಿಯು ಹಿಂದಿನ 52 ವಾರಗಳ ಫಲಗಳನ್ನು ಕೂಡಿ ತಯಾರಾಗತಕ್ಕದ್ದು. ಮರುದಿನ ಪದ್ಮಶ್ರೀ ಪ್ರಶಸ್ತಿಯ ಘೋಷಣೆ. 27ನೆಯ ಶನಿವಾರ, ಅಲ್ಲಿ ರಾತ್ರಿಯೂ ಮೈಸೂರಿನಲ್ಲಿ ಸಂಜೆಯೂ ಆಗಿದ್ದಾಗ, ಇಟಲಿಯ ಬೊಲೆಲ್ಲಿ ಮತ್ತು ವವಸ್ಸೋರಿಯವರೊಡನೆ ಅಂತಿಮ ಪಂದ್ಯ ನಡೆಯಿತು. ಮೊದಲ ಸೆಟ್ಟಿನ ಟೈಬ್ರೇಕಿನಲ್ಲಿ ಎದುರಾಳಿಗಳಿಗೆ ಒಂದು ಅಂಶವೂ ದೊರೆಯಲಿಲ್ಲ. 7–6, 7–5. ಪೇಸ್, ಭೂಪತಿ, ಸಾನಿಯಾ ಮಿರ್ಜಾ, ಇವರ ಬಳಿಕ ಡಬಲ್ಸಿನಲ್ಲಿ ಪ್ರಪಂಚದ ಮೊದಲಿಗರಾದ ನಾಲ್ಕನೆಯ ಭಾರತೀಯರು ಬೋಪಣ್ಣನವರು. ಇಷ್ಟು ವಯಸ್ಸಿನಲ್ಲಿ ಆ ಸ್ಥಾನಕ್ಕೆ ಏರಿದವರು ಅದುವರೆಗೆ ಯಾವ ದೇಶದಲ್ಲಿಯೂ ಇರಲಿಲ್ಲ.

ಅರ್ಧ ಕೋರ್ಟನ್ನು ಮಾತ್ರ ಕಾಯುವ ಆಟದಲ್ಲಿ ವಯಸ್ಸು ಅಷ್ಟು ಬಾಧಿಸುವುದಿಲ್ಲ, ಸಾಧಾರಣ ಪಂದ್ಯಾವಳಿಗಳಲ್ಲಿ ಮೂರನೆಯ ಸೆಟ್ಟಿಗೆ ಬದಲು ಹತ್ತು ಅಂಶಗಳ ಟೈಬ್ರೇಕೊಂದನ್ನೇ ಆಡಿಸುತ್ತಾರೆ ಎಂದು ಸಂಶಯಿಸುವವರಿಗೆ ನಮ್ಮ ಉತ್ತರವಿಷ್ಟೆ: ಅದು ನಿಜ, ಆದರೆ ಆ ಸೌಕರ್ಯವು ಇಪ್ಪತ್ತೈದರ ಯುವಕರಿಗೂ ಉಂಟು. ಅಲ್ಲದೆ, ಬಲೆಯ ಬಳಿ ಚೆಂಡು ಬರುವ ವೇಗವು ಯಾರ ಜನ್ಮಪತ್ರಿಕೆಯನ್ನೂ ನೋಡುವುದಿಲ್ಲ.

2025ರ ಶರತ್ಕಾಲದಲ್ಲಿ ಪ್ಯಾರಿಸ್ಸಿನಲ್ಲಿ ಕಜಾಕಸ್ತಾನದ ಬುಬ್ಲಿಕನೊಡನೆ ಆಡಿದ ಪಂದ್ಯವೇ ಕೊನೆಯದಾಯಿತು. ನವೆಂಬರ್ 1ರಂದು, ನಮ್ಮ ರಾಜ್ಯೋತ್ಸವದ ದಿನ, ಬೋಪಣ್ಣನವರು ನಿವೃತ್ತಿಯನ್ನು ಸಾರಿದರು. ಆಗ ಅವರಿಗೆ ನಲವತ್ತೈದು ವರ್ಷ. ಅಂದು ಅವರು ಬರೆದ ವಿದಾಯದ ಓಲೆಯಲ್ಲಿ ಪ್ರಪಂಚದ ದೊಡ್ಡ ಅಂಗಣಗಳ ದೀಪಗಳ ಮಾತಿತ್ತು. ಅದಕ್ಕಿಂತ ಮೊದಲು, ಕೊಡಗಿನಲ್ಲಿ ಒಡೆದ ಸೌದೆಯ ಮಾತಿತ್ತು.