ಯಶಸ್ಸಿನ ಛೇದ: ಕ್ಷಯ ಚಿಕಿತ್ಸೆಯ ಅಳತೆ ಮತ್ತು ಬೆಳಗಾವಿ–ಖಾನಾಪುರದ ಪ್ರಶ್ನೆ

ಕ್ಷಯ ಚಿಕಿತ್ಸೆಯ ಜಾಗತಿಕ ಯಶಸ್ಸು 2013ರಲ್ಲಿ ಶೇ. 86ರಷ್ಟಿತ್ತು; 2016ರಲ್ಲಿ ಚಿಕಿತ್ಸೆ ಆರಂಭಿಸಿದವರ ಲೆಕ್ಕಕ್ಕೆ ಅದು ಶೇ. 82ಕ್ಕೆ ಇಳಿಯಿತು. ಔಷಧಿಯೇನೂ ಕೈಕೊಟ್ಟಿರಲಿಲ್ಲ. ಇಳಿಕೆಗೆ ಮುಖ್ಯ ಕಾರಣ ಭಾರತದ ವರದಿ ವ್ಯವಸ್ಥೆಯಲ್ಲಿನ ಕೊರತೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿತು. 2012ರಲ್ಲಿ ಖಾಸಗಿ ವೈದ್ಯರೂ ಕ್ಷಯರೋಗಿಗಳ ಮಾಹಿತಿ ಕೊಡುವುದು ಕಡ್ಡಾಯವಾಗಿ, ಮುಂದಿನ ವರ್ಷಗಳಲ್ಲಿ ನೋಂದಣಿ ಏರಿತು. ಹಾಗೆ ಸೇರಿದವರಲ್ಲಿ ಅನೇಕರ ಚಿಕಿತ್ಸೆ ಏನಾಯಿತೆಂಬುದು ಮಾತ್ರ ದಾಖಲಾಗಲಿಲ್ಲ. ಛೇದ, ಅಂದರೆ ನೋಂದಾಯಿತರ ಸಂಖ್ಯೆ, ಹಿಗ್ಗಿತು; ಅಂಶ, ಅಂದರೆ ಯಶಸ್ಸು ದಾಖಲಾದವರ ಸಂಖ್ಯೆ, ಹಿಂದುಳಿಯಿತು. ಹೆಚ್ಚು ರೋಗಿಗಳನ್ನು ಲೆಕ್ಕಕ್ಕೆ ತಂದ ಕಾರ್ಯಕ್ರಮವೇ ಕಾಗದದ ಮೇಲೆ ಸೋತಂತೆ ಕಂಡಿತು.

ಅಂಶದಲ್ಲಿಯೂ ಎರಡು ಬಗೆಯವರಿದ್ದಾರೆ. ಕೊನೆಯ ಪರೀಕ್ಷೆಯಲ್ಲಿ ಕಫದಲ್ಲಿ ರೋಗಾಣು ಇಲ್ಲವೆಂದು ಖಚಿತವಾದವರು ‘ಗುಣಮುಖ’. ಅಂಥ ಪುರಾವೆಯಿಲ್ಲದೆ ಮಾತ್ರೆ ಮುಗಿಸಿದವರು ‘ಚಿಕಿತ್ಸೆ ಪೂರ್ಣ’. ಎರಡನ್ನೂ ಕೂಡಿಸಿದರೆ ಬರುವುದೇ ಯಶಸ್ಸು. ಕಫ ಪರೀಕ್ಷೆ ಸಡಿಲವಾದ ಕಡೆಯೂ ಈ ಮೊತ್ತ ಚೆನ್ನಾಗಿಯೇ ಕಾಣುತ್ತದೆ.

ಈ ಲೆಕ್ಕ ತಾಲ್ಲೂಕಿನ ಮಟ್ಟದಲ್ಲಿ ಹೇಗೆ ತಿರುಗುತ್ತದೆಂದು ಬೆಳಗಾವಿ ಜಿಲ್ಲೆಯಲ್ಲಿ ನೋಡಿ. ಬೆಳಗಾವಿ ನಗರದಲ್ಲಿ ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಬಿಮ್ಸ್), ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು, ಸಾಲುಸಾಲು ಖಾಸಗಿ ದವಾಖಾನೆಗಳಿವೆ. ಖಾನಾಪುರ ಕಾಡಿನ ತಾಲ್ಲೂಕು. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿನ ರಸ್ತೆ ಗೋವಾಕ್ಕೆ ಇಳಿಯುತ್ತದೆ. ಕಣಕುಂಬಿ ಕಡೆಯ ಕೂಲಿಯೊಬ್ಬ ಬೆಳಗಾವಿಯಲ್ಲಿ ಕಫ ಕೊಟ್ಟು, ಊರಲ್ಲಿ ಎರಡು ತಿಂಗಳ ಮಾತ್ರೆ ನುಂಗಿ, ಕೆಮ್ಮು ನಿಂತಿತೆಂದು ಗೋವಾದ ಕೆಲಸಕ್ಕೆ ಹೋದನೆಂದಿಟ್ಟುಕೊಳ್ಳಿ. ಉಳಿದ ನಾಲ್ಕು ತಿಂಗಳ ಮಾತ್ರೆ ಅವನಿಗೆ ಅಲ್ಲಿಯೇ ಸಿಕ್ಕಿರಬಹುದು. ಕ್ಷಯರೋಗಿಗಳ ದಾಖಲೆಯಿಡುವ ನಿಕ್ಷಯ್ ತಂತ್ರಾಂಶದಲ್ಲಿ ವರ್ಗಾವಣೆ ಪೂರ್ಣವಾಗದೆ ಫಲಿತಾಂಶ ತಿಳಿಯದಿದ್ದರೆ ಅವನು ‘ಮೌಲ್ಯಮಾಪನವಾಗದವ’. ಒಂದು ತಿಂಗಳು ಬಿಟ್ಟನೆಂದರೆ ಭಾರತದ ಮಾರ್ಗಸೂಚಿಯಂತೆ ‘ಸಂಪರ್ಕ ತಪ್ಪಿದವ’. ವಿಶ್ವ ಆರೋಗ್ಯ ಸಂಸ್ಥೆಗೆ ಅದಕ್ಕೆ ಎರಡು ತಿಂಗಳು ಬೇಕು. ಮನುಷ್ಯ ಒಬ್ಬನೇ, ಹಣೆಪಟ್ಟಿ ಹಲವು! ಖಾನಾಪುರದ ಶೇಕಡಾವಾರು ಕುಸಿದರೆ ಆಶಾ ಕಾರ್ಯಕರ್ತೆಯನ್ನು ದೂರುವ ಮೊದಲು ಇದನ್ನು ನೋಡಬೇಕು.

ಚಿಕಿತ್ಸೆಯ ಯಶಸ್ಸನ್ನು ಅಳೆಯಲು ಕರ್ನಾಟಕದಲ್ಲಿಯೇ ಒಂದು ತಳಹದಿ ಸಿಗುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1961ರಿಂದ 1968ರವರೆಗೆ ಬೆಂಗಳೂರು ಗ್ರಾಮಾಂತರದ ಹಳ್ಳಿಗಳಲ್ಲಿ, ಸಂಘಟಿತ ಚಿಕಿತ್ಸೆಯಿಲ್ಲದ ಸ್ಥಿತಿಯಲ್ಲಿ ರೋಗ ಹೇಗೆ ಸಾಗುತ್ತದೆಂದು ಗಮನಿಸಿತು. ಐದು ವರ್ಷಗಳಲ್ಲಿ ರೋಗಿಗಳ ಪೈಕಿ ಸುಮಾರು ಅರ್ಧದಷ್ಟು ಜನ ಸತ್ತರು. ಮೂರನೇ ಒಂದು ಭಾಗ ತಾವಾಗಿಯೇ ರೋಗಾಣುಮುಕ್ತರಾದರು. ಉಳಿದವರು ರೋಗ ಹರಡುತ್ತಲೇ ಉಳಿದರು. ಔಷಧಿ ನಿಜಕ್ಕೂ ಗಳಿಸಿದ್ದೆಷ್ಟೆಂಬುದು ಇದರೆದುರು ಇಟ್ಟಾಗ ತಿಳಿಯುತ್ತದೆ. ಛೇದವನ್ನು ನೋಂದಾಯಿತರಿಗೆ ಸೀಮಿತಗೊಳಿಸದೆ ಎಲ್ಲ ರೋಗಿಗಳಿಗೂ ಹಿಗ್ಗಿಸಿದರೆ ಚಿತ್ರ ಮತ್ತೆ ಬದಲಾಗುತ್ತದೆ: 2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ, 2013ರಲ್ಲಿ ದೇಶದಲ್ಲಿದ್ದ ಕ್ಷಯರೋಗಿಗಳ ಪೈಕಿ ಸರ್ಕಾರಿ ವ್ಯವಸ್ಥೆಯ ಮೂಲಕ ಚಿಕಿತ್ಸೆ ಮುಗಿಸಿ, ರೋಗ ಮರುಕಳಿಸದೆ ಒಂದು ವರ್ಷ ಬದುಕಿದವರು ಶೇ. 39 ಮಾತ್ರ.

ಚಿಕಿತ್ಸೆ ಮುಗಿದ ಮೇಲೆ 6, 12, 18 ಮತ್ತು 24ನೇ ತಿಂಗಳಲ್ಲಿ ರೋಗಿಯನ್ನು ತಪಾಸಣೆ ಮಾಡಬೇಕೆಂದು ನಮ್ಮ 2016ರ ಮಾರ್ಗಸೂಚಿಯೇ ಹೇಳುತ್ತದೆ. ಬೆಳಗಾವಿ ಜಿಲ್ಲೆ 12ನೇ ತಿಂಗಳ ಫಲಿತಾಂಶವನ್ನೂ ಮೌಲ್ಯಮಾಪನವಾಗದವರ ಸಂಖ್ಯೆಯನ್ನೂ ತಾಲ್ಲೂಕುವಾರು ಪ್ರಕಟಿಸಲಿ. ಹೊಸ ಸಮೀಕ್ಷೆಯ ಅಗತ್ಯವಿಲ್ಲ.