ಆಸ್ಪತ್ರೆಯ ದೂರ, ಆರೈಕೆಯ ವೆಚ್ಚ: ಚಿಕ್ಕಬಳ್ಳಾಪುರ ಸೀಮೆಯ ಮಾನಸಿಕ ಚಿಕಿತ್ಸೆಯ ಇತಿಹಾಸ

2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಮಾನಸಿಕ ಕಾಯಿಲೆಯ ಚಿಕಿತ್ಸೆಗೆ ತಗಲುತ್ತಿದ್ದ ವೆಚ್ಚವನ್ನು ಮಾತ್ರೆಯ ಬೆಲೆಯೊಂದರಿಂದ ಅಳೆಯಲಾಗದು. ಇಂಥ ಕಾಯಿಲೆಗಳಲ್ಲಿ ಹಲವಕ್ಕೆ ವರ್ಷಗಟ್ಟಲೆ ಔಷಧ ಬೇಕಾಗುವುದರಿಂದ, ರೋಗಿಯ ಜೊತೆಗೆ ಮನೆಯ ಮತ್ತೊಬ್ಬರೂ ಹೊಲದ ಕೆಲಸವನ್ನೋ ರೇಷ್ಮೆಹುಳುವಿನ ಮನೆಯನ್ನೋ ಬಿಟ್ಟು ತಿಂಗಳು ತಿಂಗಳು ಬೆಂಗಳೂರಿಗೆ ಹೋಗಿಬರಬೇಕಾಗುತ್ತಿತ್ತು. ಬಸ್ ಚಾರ್ಜು ಮತ್ತು ಇಬ್ಬರ ದಿನಗೂಲಿಯ ನಷ್ಟವೇ ಬಡ ಕುಟುಂಬದ ಪಾಲಿಗೆ ದೊಡ್ಡ ಹೊರೆಯಾಗಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಆರಂಭವಾದ ಬೆಂಗಳೂರಿನ ಹುಚ್ಚಾಸ್ಪತ್ರೆಯು 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆಯಿತು. 1974ರಲ್ಲಿ ಅದು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೊಂದಿಗೆ ಸೇರಿ ನಿಮ್ಹಾನ್ಸ್ ಆಯಿತು. ಆಸ್ಪತ್ರೆ ಬೆಳೆದರೂ ಹಳ್ಳಿಗೂ ಅದಕ್ಕೂ ನಡುವಿನ ಹಾದಿ ತಾನಾಗಿ ಕಿರಿದಾಗಲಿಲ್ಲ. ಇದನ್ನರಿತ ನಿಮ್ಹಾನ್ಸ್, ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರವನ್ನು ತೆರೆದುದಲ್ಲದೆ, ಗೌರಿಬಿದನೂರು, ಆನೇಕಲ್, ಕನಕಪುರ, ಮದ್ದೂರು, ಮಧುಗಿರಿ ಮೊದಲಾದ ಊರುಗಳಲ್ಲಿ ವಿಸ್ತರಣಾ ಚಿಕಿತ್ಸಾಲಯಗಳನ್ನು, ಅಂದರೆ ತಜ್ಞರ ತಂಡವೇ ತಿಂಗಳಿಗೊಮ್ಮೆ ಊರಿಗೆ ಬಂದು ರೋಗಿಗಳನ್ನು ನೋಡುವ ಶಿಬಿರಗಳನ್ನು ನಡೆಸಿತು. ಗೌರಿಬಿದನೂರಿನಲ್ಲಿ ಮೂರ್ಛೆರೋಗದಂಥ ನರರೋಗಗಳಿಗೂ ಚಿಕಿತ್ಸೆ ದೊರೆತುದು ಈ ಸೀಮೆಯ ಇತಿಹಾಸದಲ್ಲಿ ನೆನೆಯಬೇಕಾದ ಸಂಗತಿ. ರೋಗಿ ಆಸ್ಪತ್ರೆಯನ್ನು ಅರಸಿ ಹೋಗುವ ಬದಲು ಆಸ್ಪತ್ರೆಯೇ ರೋಗಿಯ ಬಳಿಗೆ ಬಂದಿತು.

ತಿಂಗಳಿಗೊಂದು ದಿನದ ಶಿಬಿರ ಉಳಿದ ದಿನಗಳ ಸಂಕಟಕ್ಕೆ ಒದಗುವಂತಿರಲಿಲ್ಲ. ಆದ್ದರಿಂದ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿ ನೀಡುವ ಪ್ರಯೋಗ ನಡೆಯಿತು. ಅದರ ಮಾದರಿಯಲ್ಲಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಮುಂದೆ ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯು ಮಂಗಳವಾರಗಳಂದು ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗಳಿಗೆ ಕರೆತಂದಿತು, 2022ರಲ್ಲಿ ಆರಂಭವಾದ ಟೆಲಿ ಮಾನಸ್ 14416 ಸಂಖ್ಯೆಯ ಉಚಿತ ಕರೆಯ ಮೂಲಕ ಸಲಹೆಯನ್ನು ಮನೆಗೇ ತಲುಪಿಸಿತು.

ಆದರೂ ಕಾಯಿಲೆಯಿದ್ದು ಚಿಕಿತ್ಸೆ ಸಿಗದವರ ಪ್ರಮಾಣವನ್ನು ಸೂಚಿಸುವ ‘ಚಿಕಿತ್ಸಾ ಅಂತರ’ವು, 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಬೇರೆಬೇರೆ ಕಾಯಿಲೆಗಳಲ್ಲಿ ಶೇ. 70ರಿಂದ 92ರಷ್ಟಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಕೈಗೆಟಕುವ ವೆಚ್ಚದ, ಹತ್ತಿರದಲ್ಲೇ ದೊರೆಯುವ ಚಿಕಿತ್ಸೆಯನ್ನು ಹಕ್ಕೆಂದು ಸಾರಿ, ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲ್ಪಟ್ಟ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಸದಾ ಉಚಿತವಾಗಿ ಸಿಗಬೇಕೆಂದು ವಿಧಿಸಿದೆ. ಹಳ್ಳಿಗೆ ಅದಕ್ಕಿಂತಲೂ ಹತ್ತಿರವಿರುವುದು ಪ್ರಾಥಮಿಕ ಆರೋಗ್ಯ ಕೇಂದ್ರ. ಆ ಬಾಗಿಲಲ್ಲಿಯೇ ತಿಂಗಳ ಮಾತ್ರೆ ತಪ್ಪದೆ ಸಿಗುವ ದಿನ, ಗೌರಿಬಿದನೂರಿನ ಶಿಬಿರಗಳು ತೋರಿಸಿದ ದಾರಿ ಪೂರ್ಣವಾಗುತ್ತದೆ.